ಗ್ಯಾರೇಜಿನ ಮೂಲೆಯಲ್ಲಿ ಲೋಹದ ಕಾರ್ಯಾಗಾರ

ಮರಗೆಲಸವನ್ನು ಅಷ್ಟಿಷ್ಟು ಬಲ್ಲವನು ಮೊದಲ ಬಾರಿಗೆ ಕಬ್ಬಿಣದ ಮೇಲೆ ಕೈಯಿಟ್ಟಾಗ ಒಂದು ಸಂಗತಿಯನ್ನು ಕೂಡಲೇ ಕಂಡುಕೊಳ್ಳುವನು. ಮರದ ತುಂಡನ್ನು ಮೊಣಕಾಲಿನ ಕೆಳಗೆ ಅದುಮಿ ಹಿಡಿದು ಗರಗಸವನ್ನು ಎಳೆಯಬಹುದು. ಕಬ್ಬಿಣದ ಪಟ್ಟಿಯನ್ನು ಹಾಗೆ ಹಿಡಿದರೆ ಅದು ಕಿರುಚುತ್ತದೆ, ನಡುಗುತ್ತದೆ, ಜಾರುತ್ತದೆ. ಕಡೆಗೆ ಗರಗಸದ ಹಲ್ಲನ್ನೇ ಮುರಿಯುತ್ತದೆ. ಉಪಕರಣವು ಲೋಹವನ್ನು ಎಷ್ಟು ಬಲದಿಂದ ನೂಕುವುದೋ ಲೋಹವೂ ಅಷ್ಟೇ ಬಲದಿಂದ ಉಪಕರಣವನ್ನು ಹಿಂದಕ್ಕೆ ನೂಕುವುದೆಂಬುದನ್ನು ನ್ಯೂಟನ್ನನ ಮೂರನೆಯ ನಿಯಮವನ್ನು ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ಮರದಲ್ಲಿ ಈ ಬಲವು ಕೈಗೆ ಅಡಗುವಷ್ಟು. ಉಕ್ಕಿನಲ್ಲಿ ಕೈಯನ್ನು ಮೀರುವಷ್ಟು. ಆದುದರಿಂದ ಲೋಹಗೆಲಸದಲ್ಲಿ ಕೊಯ್ಯುವ ಉಪಕರಣಕ್ಕಿಂತ ಹಿಡಿಯುವ ಉಪಕರಣಕ್ಕೆ ಮೊದಲ ಸ್ಥಾನ.

ಪೇಟೆಯಲ್ಲಿ ಕಾಣುವುದು ಇದಕ್ಕೆ ವಿರುದ್ಧವಾದ ಕ್ರಮ. ಅಂಗಡಿಯ ಮುಂಭಾಗದಲ್ಲಿ ಬಣ್ಣಬಣ್ಣದ ವೆಲ್ಡಿಂಗ್ ಯಂತ್ರಗಳು ಸಾಲಾಗಿ ಕುಳಿತಿರುತ್ತವೆ. ಅವುಗಳ ಹಿಂದೆ ಗ್ರೈಂಡರುಗಳು, ಅವುಗಳ ಹಿಂದೆ ವಿದ್ಯುತ್ ಬೈರಿಗೆಗಳು. ಅರ, ಮೂಲೆಮಟ್ಟ, ಬೆಂಚ್ ವೈಸ್ ಮೊದಲಾದವು ಒಳಗಿನ ಕತ್ತಲೆ ಕಪಾಟಿನಲ್ಲಿ ಧೂಳು ಕುಡಿಯುತ್ತಿರುತ್ತವೆ. ವಿದ್ಯಾರ್ಥಿಯ ಜೇಬಿನಲ್ಲಿರುವ ಹಣ ಅಲ್ಪವಾದುದು. ಅದು ಮುಂಭಾಗದಲ್ಲಿಯೇ ಮುಗಿದುಹೋದರೆ, ಬೆಸುಗೆ ಹಾಕಬಲ್ಲ ಯಂತ್ರವೊಂದಿದ್ದು, ಬೆಸೆಯಬೇಕಾದ ಎರಡು ತುಂಡುಗಳನ್ನು ನೇರವಾಗಿ ಕೊಯ್ಯಲಾಗದ ವಿಚಿತ್ರ ಪರಿಸ್ಥಿತಿ ಒದಗುವುದು. ಇದು ಹಣದ ಮಾತಾಯಿತು. ಇದೇ ಯಂತ್ರಗಳು ಅಜಾಗರೂಕತೆಯಿಂದ ಕಣ್ಣನ್ನು ಕೆಡಿಸುವುದೂ ಮನೆಗೆ ಬೆಂಕಿ ಹತ್ತಿಸುವುದೂ ಉಂಟು. ಹಿಡಿಯುವುದು, ಅಳೆಯುವುದು, ಕೊಯ್ಯುವುದು, ಕೊರೆಯುವುದು, ಕಡೆಗೆ ಬೆಸೆಯುವುದು ಎಂಬ ಕ್ರಮದಲ್ಲಿಯೇ ಹಣವನ್ನು ವ್ಯಯಿಸಬೇಕೆಂಬುದು ಈ ಲೇಖನದ ವಾದ. ಅದಕ್ಕೆ ಕಾರಣಗಳನ್ನು ಒಂದು ನಿದರ್ಶನದ ಮೂಲಕ ವಿಚಾರಿಸೋಣ.

ಮೊದಲ ಕೆಲಸ

ಒಂದು ಕಾರು ನಿಲ್ಲುವಷ್ಟು ಅಗಲದ ಗ್ಯಾರೇಜು. ಅದರಲ್ಲಿ ಒಂದು ಸ್ಕೂಟರು, ಗೋಡೆಯಲ್ಲಿ ೧೬ ಆಂಪೇರಿನ ಒಂದೇ ಒಂದು ವಿದ್ಯುತ್ ಪಾಯಿಂಟು. ನಮ್ಮ ಪಟ್ಟಣಗಳ ಅನೇಕ ಮನೆಗಳಲ್ಲಿ ದೊರೆಯುವ ಅನುಕೂಲ ಇಷ್ಟೇ. ಇಲ್ಲಿ ಮಾಡಬೇಕಾದ ಮೊದಲ ವಸ್ತು ಕೆಲಸದ ಮೇಜು. ಮುಂದಿನ ಕೆಲಸಗಳಿಗೆಲ್ಲ ಅದೇ ಆಧಾರವಾಗುವುದಲ್ಲದೆ, ಯಾವ ಉಪಕರಣ ನಿಜವಾಗಿ ಬೇಕು, ಯಾವುದು ಬೇಡ ಎಂಬುದನ್ನೂ ಅದೇ ಕಲಿಸಿಕೊಡುವುದು.

ಮೇಜಿನ ಉದ್ದ ೧.೨ ಮೀಟರು, ಅಗಲ ೦.೬ ಮೀಟರು, ಎತ್ತರ ೦.೮೫ ಮೀಟರು ಎಂದಿಟ್ಟುಕೊಳ್ಳೋಣ. ೪೦ ಮಿಲಿಮೀಟರು ಅಗಲದ ಎರಡು ರೆಕ್ಕೆಗಳೂ ೫ ಮಿಲಿಮೀಟರು ದಪ್ಪವೂ ಇರುವ ಕಬ್ಬಿಣದ ಎಲ್ ಆಂಗಲ್ ಇದಕ್ಕೆ ತಕ್ಕುದು. ನಾಲ್ಕು ಕಾಲುಗಳಿಗೆ ೩.೪ ಮೀಟರು, ಮೇಲಿನ ಚೌಕಟ್ಟಿಗೆ ೩.೬ ಮೀಟರು, ಕೆಳಗಿನ ಚೌಕಟ್ಟಿಗೆ ೩.೬ ಮೀಟರು, ಒಟ್ಟು ೧೦.೬ ಮೀಟರು. ಈ ಆಂಗಲ್ ಮೀಟರಿಗೆ ಸುಮಾರು ೩ ಕಿಲೋಗ್ರಾಂ ತೂಗುವುದರಿಂದ ಮೇಜಿನ ಅಸ್ಥಿಪಂಜರವೇ ೩೨ ಕಿಲೋಗ್ರಾಂ ಆಗುವುದು. ತೂಕ ಇಲ್ಲಿ ದೋಷವಲ್ಲ; ಹಗುರವಾದ ಮೇಜು ಅರದ ಪ್ರತಿಯೊಂದು ನೂಕಿಗೂ ಓಡಾಡತೊಡಗುವುದು.

ಅಂಗಡಿಯಲ್ಲಿ ಆಂಗಲ್ ಸಾಮಾನ್ಯವಾಗಿ ೬ ಮೀಟರು ಉದ್ದದ ಕೋಲುಗಳಾಗಿ ಸಿಗುವುದು. ಎರಡು ಕೋಲು ಕೊಂಡು, ಎರಡನ್ನೂ ನಟ್ಟನಡುವೆ ತುಂಡರಿಸಿಕೊಡುವಂತೆ ಕೇಳಿದರೆ ಮನೆಗೆ ಸಾಗಿಸುವುದು ಸುಲಭ. ಮೊದಲನೆಯ ಕೋಲಿನ ಒಂದೊಂದು ಅರ್ಧದಲ್ಲಿಯೂ ಒಂದು ಉದ್ದ ಪಟ್ಟಿ, ಎರಡು ಕಾಲು, ಅಂದರೆ ೨.೯ ಮೀಟರು ದೊರೆಯುವುದು. ಎರಡನೆಯದರ ಒಂದೊಂದು ಅರ್ಧದಲ್ಲಿ ಒಂದು ಉದ್ದ ಪಟ್ಟಿ, ಎರಡು ಗಿಡ್ಡ ಪಟ್ಟಿ, ಅಂದರೆ ೨.೪ ಮೀಟರು, ಮಿಕ್ಕುವುದು ೬೦ ಸೆಂಟಿಮೀಟರಿಗೆ ತುಸು ಕಡಮೆ. 'ತುಸು ಕಡಮೆ' ಎಂದುದಕ್ಕೆ ಕಾರಣವಿದೆ. ಪ್ರತಿಯೊಂದು ಕೊಯ್ತದಲ್ಲಿಯೂ ಸುಮಾರು ಒಂದು ಮಿಲಿಮೀಟರು ಕಬ್ಬಿಣ ಗರಗಸದ ಬಾಯಿಗೆ ಹೋಗಿ ಪುಡಿಯಾಗುವುದು. ಲೆಕ್ಕದಲ್ಲಿ ಇದನ್ನು ಮರೆತವನ ಕಡೆಯ ಕಾಲು ಗಿಡ್ಡವಾಗುವುದು. ಮಿಕ್ಕ ಎರಡು ತುಂಡುಗಳನ್ನು ಎಸೆಯದೆ ತೆಗೆದಿಡಿರಿ. ಕಡೆಯಲ್ಲಿ ಅವು ಬೇಕಾಗುತ್ತವೆ.

ಹಿಡಿಯುವುದು

ಬೆಂಚ್ ವೈಸಿನ ಎರಕದ ದವಡೆ, ದಪ್ಪ ತಿರುಪು, ಅಡ್ಡ ಹಿಡಿ, ಇವುಗಳಲ್ಲಿ ಎಷ್ಟು ಶಕ್ತಿ ಅಡಗಿದೆಯೆಂಬುದು ಲೆಕ್ಕ ಹಾಕಿ ನೋಡಿದಲ್ಲದೆ ತಿಳಿಯದು. ಹಿಡಿಯ ತುದಿ ತಿರುಪಿನ ನಡುವಿನಿಂದ ೧೫೦ ಮಿಲಿಮೀಟರು ದೂರದಲ್ಲಿದೆಯೆನ್ನೋಣ. ಒಂದು ಸುತ್ತಿಗೆ ಕೈ ಸುಮಾರು ೯೪೦ ಮಿಲಿಮೀಟರು ಚಲಿಸುವುದು. ಅಷ್ಟರಲ್ಲಿ ದವಡೆ ಮುಂದೆ ಸರಿಯುವುದು ಬರಿಯ ೫ ಮಿಲಿಮೀಟರು. ಘರ್ಷಣೆಯಿಲ್ಲದಿದ್ದರೆ ಕೈಯ ಬಲ ೧೮೮ ಪಟ್ಟು ವೃದ್ಧಿಯಾಗಬೇಕು. ತಿರುಪಿನ ಘರ್ಷಣೆ ಇದರ ಬಹುಭಾಗವನ್ನು ನುಂಗುವುದು ನಿಜ. ಆದರೂ ಐದನೆಯ ಒಂದು ಪಾಲು ಉಳಿದರೆ, ೧೦ ಕಿಲೋಗ್ರಾಂ ಭಾರದಷ್ಟು ಒತ್ತುವ ಕೈ ದವಡೆಯಲ್ಲಿ ೩೭೦ ಕಿಲೋಗ್ರಾಂ ಭಾರಕ್ಕೂ ಹೆಚ್ಚಿನ ಹಿಡಿತವನ್ನು ಪಡೆಯುವುದು. ನುಂಗಿದ ಘರ್ಷಣೆಯೂ ವ್ಯರ್ಥವಲ್ಲ. ಕೈ ತೆಗೆದ ಮೇಲೆ ತಿರುಪು ತಾನಾಗಿ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ತಡೆಯುವುದು ಅದೇ.

ನಮ್ಮ ಕೆಲಸಕ್ಕೆ ೧೦೦ ಮಿಲಿಮೀಟರು ದವಡೆಯ ವೈಸ್ ಸಾಕು, ಹಣವಿದ್ದರೆ ೧೨೫. ಅಂಗಡಿಯಲ್ಲಿಯೇ ಎರಡು ಪರೀಕ್ಷೆಗಳನ್ನು ಮಾಡಬಹುದು. ದವಡೆಗಳ ಎರಡು ಕೊನೆಗಳಲ್ಲಿಯೂ ಒಂದೊಂದು ಕಾಗದದ ಚೂರನ್ನಿಟ್ಟು ತಿರುಪನ್ನು ಮೆಲ್ಲಗೆ ಬಿಗಿಯಿರಿ. ಒಂದು ಚೂರು ಸಿಕ್ಕಿಕೊಂಡು ಇನ್ನೊಂದು ಸಲೀಸಾಗಿ ಹೊರಬಂದರೆ ದವಡೆಗಳು ಸಮಾನಾಂತರವಾಗಿಲ್ಲ. ಬಳಿಕ ದವಡೆಯನ್ನು ಅರ್ಧ ತೆರೆದು, ಜಾರುವ ಭಾಗವನ್ನು ಎರಡು ಕೈಗಳಿಂದ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿರಿ. ಸ್ವಲ್ಪ ಸಡಿಲವಿರುವುದು ಸಹಜ. ಗಡಗಡ ಸದ್ದಾದರೆ ಬೇಡ. ಹಳೆಯ ಸಾಮಾನಿನ ಅಂಗಡಿಯಲ್ಲಿ ದೊರೆಯುವ ಭಾರವಾದ ಹಳೆಯ ವೈಸ್, ತಿರುಪು ಸವೆಯದಿದ್ದ ಪಕ್ಷದಲ್ಲಿ, ಹೊಸದಾದ ಹಗುರ ವೈಸಿಗಿಂತ ಮೇಲೆಂದು ನನ್ನ ಅಭಿಪ್ರಾಯ. ಆದರೆ ಬೂದು ಎರಕದ ಕಬ್ಬಿಣ ಭಿದುರವಾದುದರಿಂದ ಹಳೆಯದನ್ನು ಕೊಳ್ಳುವಾಗ ಬಣ್ಣದ ಕೆಳಗೆ ಬಿರುಕುಗಳಿವೆಯೇ ಎಂದು ಹುಡುಕಬೇಕು. ಅದೇ ಕಾರಣದಿಂದ ವೈಸಿನ ದವಡೆಯನ್ನು ಅಡಿಗಲ್ಲೆಂದು ಭಾವಿಸಿ ಅದರ ಮೇಲೆ ಸುತ್ತಿಗೆಯಿಂದ ಬಡಿಯಬಾರದು.

ಮೇಜಿಲ್ಲದೆ ವೈಸಿಲ್ಲ, ವೈಸಿಲ್ಲದೆ ಮೇಜಿಲ್ಲ ಎಂಬ ತೊಡಕೊಂದು ಇಲ್ಲಿ ಎದುರಾಗುವುದು. ವೈಸನ್ನು ದಪ್ಪನಾದ ಹಳೆಯ ಹಲಗೆಯ ಒಂದು ತುದಿಗೆ ಬೋಲ್ಟು ಹಾಕಿ, ಹಲಗೆಯನ್ನು ಜಗಲಿಯ ಮೇಲಿಟ್ಟು, ಇನ್ನೊಂದು ತುದಿಯಲ್ಲಿ ತಮ್ಮನನ್ನು ಕೂರಿಸಿದರೆ ತಾತ್ಕಾಲಿಕವಾಗಿ ಕೆಲಸ ಸಾಗುವುದು. ಮೇಜು ಸಿದ್ಧವಾದ ಮೇಲೆ ವೈಸನ್ನು ಅದರ ಒಂದು ಕಾಲಿನ ನೇರಕ್ಕೇ ಕೂರಿಸಬೇಕು. ನಡುವೆ ಕೂರಿಸಿದರೆ ಹಲಗೆ ಕುಣಿಯುವುದು. ದವಡೆಯ ಮೇಲ್ತುದಿ ನಿಂತವನ ಮೊಣಕೈಯ ಮಟ್ಟಕ್ಕೆ ಬರಬೇಕೆಂಬುದು ಫಿಟ್ಟರುಗಳ ಹಳೆಯ ನಿಯಮ. ಮೇಜಿನ ಎತ್ತರವನ್ನು ೦.೮೫ ಮೀಟರು ಎಂದು ಗೊತ್ತುಪಡಿಸಿದುದೂ ಈ ಲೆಕ್ಕದಿಂದಲೇ.

ಅಳೆಯುವುದು

ಉಕ್ಕಿನ ೩೦೦ ಮಿಲಿಮೀಟರು ಅಳತೆಪಟ್ಟಿ, ಮೂಲೆಮಟ್ಟ, ಗೆರೆ ಗೀಚುವ ಮೊನೆಗಡ್ಡಿ, ಸೆಂಟರ್ ಪಂಚ್, ವರ್ನಿಯರ್ ಕ್ಯಾಲಿಪರ್. ಇವಿಷ್ಟು ಸಾಕು. ಫ್ರಾನ್ಸಿನ ಪಿಯೆರ್ ವರ್ನಿಯೆ ೧೬೩೧ರಲ್ಲಿ ಪ್ರಕಟಿಸಿದ ಜಾರು ಮಾಪಕದ ತತ್ತ್ವವನ್ನು ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನೀವು ಆಗಲೇ ಅಭ್ಯಾಸಮಾಡಿರುವಿರಿ. ಪರೀಕ್ಷೆಯ ಅಂಕಗಳಿಗಾಗಿ ಅಳೆದ ಉಕ್ಕಿನ ಗುಂಡು ಇಲ್ಲಿ ಡ್ರಿಲ್ ಬಿಟ್ಟಿನ ವ್ಯಾಸವಾಗಿ, ತಗಡಿನ ದಪ್ಪವಾಗಿ ರೂಪಾಂತರ ಹೊಂದುವುದು.

ಮೂಲೆಮಟ್ಟವನ್ನು ಕೊಳ್ಳುವಾಗ ಅದರ ಮಾತನ್ನು ನಂಬದೆ ಪರೀಕ್ಷಿಸಬೇಕು. ನೇರ ಅಂಚಿರುವ ಹಲಗೆಗೆ ಅದನ್ನು ಒತ್ತಿಹಿಡಿದು ಒಂದು ಗೆರೆ ಎಳೆಯಿರಿ. ಬಳಿಕ ಮಗುಚಿ ಅದೇ ಬಿಂದುವಿನಿಂದ ಮತ್ತೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಬಿದ್ದರೆ ಕೋನ ೯೦ ಡಿಗ್ರಿ. ಬಿಚ್ಚಿಕೊಂಡರೆ, ನೀವು ಕಾಣುವ ಅಂತರ ನಿಜವಾದ ದೋಷದ ಎರಡರಷ್ಟು. ಮಗುಚುವುದರಿಂದಲೇ ದೋಷ ಇಮ್ಮಡಿಯಾಗಿ ಕಣ್ಣಿಗೆ ಬೀಳುವ ಈ ಉಪಾಯ ಬಹು ಸೊಗಸಾದುದು.

ಇದಕ್ಕೆ ಸಮೀಪದ ಮತ್ತೊಂದು ಉಪಾಯವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಸಂಪೂರ್ಣ ಸಮತಟ್ಟಾದ ಫಲಕವನ್ನು, ಮತ್ತೊಂದು ಸಮತಟ್ಟಾದ ಫಲಕದ ಸಹಾಯವಿಲ್ಲದೆ, ಮೊಟ್ಟಮೊದಲು ಮಾಡುವುದು ಹೇಗೆ? ಎರಡು ಫಲಕಗಳನ್ನು ಒಂದರ ಮೇಲೊಂದು ಹೊಂದಿಸಿ, ಉಬ್ಬಿದ ಕಡೆ ಹೆರೆಯುತ್ತ ಹೋದರೆ ಅವು ಪರಸ್ಪರ ಕೂಡಿಕೊಳ್ಳುತ್ತವೆ. ಆದರೆ ಒಂದು ತಗ್ಗಾಗಿ ಇನ್ನೊಂದು ಉಬ್ಬಾಗಿಯೂ ಕೂಡಿಕೊಳ್ಳಬಹುದು. ಮೂರು ಫಲಕಗಳನ್ನು ತೆಗೆದುಕೊಂಡು ಎರಡೆರಡಾಗಿ ಎಲ್ಲ ಜೋಡಿಗಳನ್ನೂ ಹೊಂದಿಸಿದರೆ ಆ ಸಂದೇಹಕ್ಕೆ ಎಡೆಯಿಲ್ಲ. ಮೂರೂ ಪರಸ್ಪರ ಕೂಡಬೇಕಾದರೆ ಮೂರೂ ಸಮತಟ್ಟಾಗಿರಲೇಬೇಕು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ೧೮೪೦ರಲ್ಲಿ ಈ ವಿಧಾನವನ್ನು ವಿದ್ವಾಂಸರ ಮುಂದೆ ವಿವರಿಸಿದನು. ಮನೆಯ ಕೆಲಸಕ್ಕೆ ಇಷ್ಟು ಶ್ರಮ ಬೇಕಿಲ್ಲ. ಪಿಲ್ಕಿಂಗ್‌ಟನ್ ಸಂಸ್ಥೆ ೧೯೫೯ರಲ್ಲಿ ಪ್ರಕಟಿಸಿದ ಕ್ರಮದಂತೆ, ಕರಗಿದ ತವರದ ಮೇಲೆ ತೇಲಿಸಿ ತಯಾರಿಸುವ ದಪ್ಪ ಗಾಜಿನ ಒಂದು ತುಂಡು ನಮಗೆ ಸಾಕಷ್ಟು ಸಮತಟ್ಟಾದ ಫಲಕವಾಗುವುದು.

ಅಳತೆಯ ನಿಖರತೆಗೂ ಒಂದು ಮಿತಿಯುಂಟು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ತನ್ನ ಉದ್ದದ ಹತ್ತು ಲಕ್ಷ ಭಾಗಗಳಲ್ಲಿ ೧೨ ಭಾಗದಷ್ಟು ಬೆಳೆಯುವುದು. ಬಳ್ಳಾರಿಯ ಬೇಸಗೆಯಲ್ಲಿ ಅಂಗಳದ ಬಿಸಿಲಿಗೆ ಬಿದ್ದ ಒಂದು ಮೀಟರಿನ ಕೋಲು ನೆರಳಿಗಿಂತ ೨೦ ಡಿಗ್ರಿ ಹೆಚ್ಚು ಕಾದರೆ ೦.೨೪ ಮಿಲಿಮೀಟರು ಉದ್ದವಾಗಿರುತ್ತದೆ. ಮೇಜಿಗೆ ಇದು ಲೆಕ್ಕಕ್ಕಿಲ್ಲ; ೦.೦೨ ಮಿಲಿಮೀಟರು ತೋರಿಸುವ ಕ್ಯಾಲಿಪರಿಗೆ ಇದು ಹನ್ನೆರಡು ಗೆರೆಗಳ ವ್ಯತ್ಯಾಸ.

ಕೊಯ್ಯುವುದು ಮತ್ತು ಅರೆಯುವುದು

ಹ್ಯಾಕ್ಸಾ ಚೌಕಟ್ಟಿಗೆ ಹೆಚ್ಚು ಹಣ ಹಾಕಬೇಕಾಗಿಲ್ಲ. ಬಾಗದಂತಿದ್ದು, ಬ್ಲೇಡನ್ನು ಬಿಗಿಯಾಗಿ ಎಳೆದು ಹಿಡಿದರೆ ಸಾಕು. ವಿಚಾರ ಮಾಡಬೇಕಾದುದು ಬ್ಲೇಡಿನ ಹಲ್ಲಿನ ವಿಷಯದಲ್ಲಿ. ಬ್ಲೇಡುಗಳನ್ನು ಇಂದಿಗೂ ಅಂಗುಲಕ್ಕೆ ೧೪, ೧೮, ೨೪, ೩೨ ಹಲ್ಲುಗಳೆಂದು ಎಣಿಸುವುದು ರೂಢಿ. ಕೊಯ್ಯುತ್ತಿರುವಾಗ ಲೋಹದ ದಪ್ಪದಲ್ಲಿ ಯಾವಾಗಲೂ ಕಡಮೆಪಕ್ಷ ಮೂರು ಹಲ್ಲುಗಳಾದರೂ ಕೂತಿರಬೇಕು. ಒಂದೇ ಹಲ್ಲು ಕೂತಿದ್ದರೆ ಕೈಯ ಬಲವೆಲ್ಲ ಅದರ ಮೇಲೆಯೇ ಬೀಳುವುದು. ಲೋಹದ ಅಂಚು ಎರಡು ಹಲ್ಲುಗಳ ನಡುವಣ ಕಣಿವೆಗೆ ಇಳಿದು, ಮುಂದಿನ ನೂಕಿಗೆ ಹಲ್ಲು ಕಳಚಿ ಹೋಗುವುದು. ೧೮ ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ೧.೪ ಮಿಲಿಮೀಟರು ದೂರ. ನಮ್ಮ ೫ ಮಿಲಿಮೀಟರಿನ ಆಂಗಲಿನಲ್ಲಿ ಮೂರಕ್ಕೂ ಹೆಚ್ಚು ಹಲ್ಲು ಕೂರುತ್ತವೆ, ಆಯ್ಕೆ ಸರಿ. ಒಂದೂವರೆ ಮಿಲಿಮೀಟರು ದಪ್ಪದ ಕೊಳವೆಗೆ ೩೨ ಹಲ್ಲಿನ ಬ್ಲೇಡೂ ಸಾಲದು, ಏಕೆಂದರೆ ಅಲ್ಲಿ ಎರಡೇ ಹಲ್ಲು ಕೂರುವುದು. ಆಗ ಬ್ಲೇಡನ್ನು ಓರೆಯಾಗಿ ಹಿಡಿದು ಕೊಯ್ದರೆ ಅದು ದಾಟಬೇಕಾದ ದಪ್ಪ ಹೆಚ್ಚಿದಂತಾಗುವುದು. ತೆಳುವಾದ ತಗಡನ್ನು ಎರಡು ಮರದ ಪಟ್ಟಿಗಳ ನಡುವೆ ಬಿಗಿದು ಮರಸಮೇತ ಕೊಯ್ಯುವುದೂ ಇದೇ ತತ್ತ್ವದ ಮೇಲೆಯೇ. ಬ್ಲೇಡಿನ ಹಲ್ಲುಗಳು ಮುಂದಕ್ಕೆ ಮುಖಮಾಡಿರಬೇಕು. ನಿಮಿಷಕ್ಕೆ ಐವತ್ತು ನೂಕುಗಳು ಸಾಕು. ಅವಸರಪಟ್ಟರೆ ಬ್ಲೇಡು ಕಾದು ಹದ ಕಳೆದುಕೊಳ್ಳುವುದು.

ಈಗ ಅರ. ಕಮ್ಮಾರನ ಕುಲುಮೆಯಲ್ಲಿ ಸುತ್ತಿಗೆ, ಇಕ್ಕಳಗಳ ಪಕ್ಕದಲ್ಲಿಯೇ ಇದ್ದ ಈ ಹಳೆಯ ಉಪಕರಣವನ್ನು ಇಂದಿನ ಹುಡುಗರು ಕಡೆಗಣಿಸುವುದು ಶೋಚನೀಯ. ಮೆತುವಾದ ಉಕ್ಕಿನಲ್ಲಿ ಇಂಗಾಲದ ಅಂಶ ನೂರಕ್ಕೆ ಕಾಲು ಭಾಗಕ್ಕಿಂತಲೂ ಕಡಮೆ. ಅರದ ಉಕ್ಕಿನಲ್ಲಿ ನೂರಕ್ಕೆ ಒಂದು ಭಾಗಕ್ಕೂ ಮೇಲೆ. ಅದನ್ನು ಕೆಂಪಗೆ ಕಾಯಿಸಿ ಒಮ್ಮೆಲೇ ತಣಿಸಿದಾಗ ಹಲ್ಲುಗಳು ಗಾಜಿನಂತೆ ಕಠಿಣವೂ ಭಿದುರವೂ ಆಗುತ್ತವೆ. ಅರವು ಉಕ್ಕನ್ನು ಹೆರೆಯಬಲ್ಲುದು ಈ ಕಾಠಿಣ್ಯದ ಅಂತರದಿಂದ. ಅರವನ್ನು ನೆಲಕ್ಕೆ ಬೀಳಿಸಿದರೆ ಎರಡು ತುಂಡಾಗುವುದೂ, ಅರಗಳನ್ನು ಒಂದರ ಮೇಲೊಂದು ಗುಡ್ಡೆಹಾಕಿದರೆ ಹಲ್ಲುಗಳು ಮೊಂಡಾಗುವುದೂ ಅದೇ ಗುಣದಿಂದ.

ಅಂಗಡಿಯಲ್ಲಿ ಒರಟು ಕ್ರಮದಿಂದ ನಯಕ್ಕೆ ಬಾಸ್ಟರ್ಡ್, ಸೆಕೆಂಡ್ ಕಟ್, ಸ್ಮೂತ್ ಎಂಬ ಹೆಸರುಗಳಿರುತ್ತವೆ. ಮೊದಲಿಗೆ ೩೦೦ ಮಿಲಿಮೀಟರಿನ ಚಪ್ಪಟೆ ಬಾಸ್ಟರ್ಡ್ ಒಂದು, ೨೦೦ ಮಿಲಿಮೀಟರಿನ ಚಪ್ಪಟೆ ಸೆಕೆಂಡ್ ಕಟ್ ಒಂದು, ಒಂದು ಅರೆದುಂಡು ಅರ, ಇಷ್ಟನ್ನು ಒಳ್ಳೆಯ ತಯಾರಿಕೆಯವೇ ನೋಡಿ ಕೊಳ್ಳಬೇಕು. ಹನ್ನೆರಡು ಅಗ್ಗದ ಅರಗಳ ಪೆಟ್ಟಿಗೆಗಿಂತ ಈ ಮೂರು ಮೇಲು. ಹಿಡಿ ಇಲ್ಲದ ಅರವನ್ನು ಎಂದೂ ಬಳಸಬಾರದು. ಅದರ ಚೂಪಾದ ಬಾಲ ಅಂಗೈಯನ್ನು ತೂರಿಬಿಡುವುದು. ಮುಂದಕ್ಕೆ ನೂಕುವಾಗ ಒತ್ತಿ, ಹಿಂದಕ್ಕೆ ತರುವಾಗ ಹಗುರಮಾಡಬೇಕು. ಅಲ್ಯೂಮಿನಿಯಮನ್ನು ಅರೆಯುವಾಗ ಹಲ್ಲುಗಳ ಸಂದಿಯಲ್ಲಿ ಲೋಹ ಕಚ್ಚಿಕೊಳ್ಳುವುದು. ಮೊದಲೇ ಸೀಮೆಸುಣ್ಣ ತಿಕ್ಕಿದರೆ ಈ ಕಾಟ ಕಡಮೆ. ಐ.ಟಿ.ಐ. ಸಂಸ್ಥೆಗಳಲ್ಲಿ ಫಿಟ್ಟರ್ ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದು ಕಬ್ಬಿಣದ ತುಂಡೊಂದನ್ನು ಅರದಿಂದ ಸಮತಟ್ಟಾಗಿ, ಮೂಲೆ ಸರಿಯಾಗಿ ತಿದ್ದುವುದನ್ನು. ಬೇಸರದ ಕೆಲಸವೆಂದು ಅವರು ಗೊಣಗುವುದುಂಟು. ಅಷ್ಟರಲ್ಲಿ ಲೋಹ ಎಷ್ಟು ಕೊಡುತ್ತದೆ, ಎಷ್ಟು ತಡೆಯುತ್ತದೆ ಎಂಬುದನ್ನು ಅವರ ಕೈ ಕಲಿತುಬಿಟ್ಟಿರುತ್ತದೆ.

ಕೊರೆಯುವುದು

ನಮ್ಮ ಮೇಜಿನಲ್ಲಿ ಎಂಟು ಪಟ್ಟಿಗಳ ಹದಿನಾರು ಕೊನೆಗಳಿವೆ. ಒಂದೊಂದಕ್ಕೆ ೮ ಮಿಲಿಮೀಟರಿನ ಎರಡು ಬೋಲ್ಟುಗಳಂತೆ ೩೨ ಬೋಲ್ಟುಗಳು. ಒಂದೊಂದೂ ಎರಡು ಲೋಹಗಳನ್ನು ಹಾಯುವುದರಿಂದ ೬೪ ರಂಧ್ರಗಳು. ಕೈಯಿಂದ ತಿರುಗಿಸುವ ಬೈರಿಗೆಗೆ ಇದು ದೀರ್ಘ ಶಿಕ್ಷೆ. ಮೊದಲ ವಿದ್ಯುತ್ ಉಪಕರಣವನ್ನು ಕೊಳ್ಳಬೇಕಾದುದು ಇಲ್ಲಿ.

ಅಂಗಡಿಯವನು ವಾಟುಗಳನ್ನು ಹೊಗಳುವನು. ನೀವು ವೇಗವನ್ನು ವಿಚಾರಿಸಿರಿ. ಬಿಟ್ಟಿನ ಅಂಚು ಲೋಹದ ಮೇಲೆ ಎಷ್ಟು ವೇಗದಿಂದ ಚಲಿಸಬೇಕೆಂಬುದಕ್ಕೆ ಮಿತಿಯಿದೆ. ಹೈಸ್ಪೀಡ್ ಸ್ಟೀಲಿನ ಬಿಟ್‌ಗಳಿಗೆ ಮೆತು ಉಕ್ಕಿನಲ್ಲಿ ನಿಮಿಷಕ್ಕೆ ೨೫ ಮೀಟರು ತಕ್ಕ ವೇಗ. ೧೦ ಮಿಲಿಮೀಟರು ಬಿಟ್ಟಿನ ಪರಿಧಿ ೩೧.೪ ಮಿಲಿಮೀಟರು, ಆದುದರಿಂದ ಅದು ನಿಮಿಷಕ್ಕೆ ಸುಮಾರು ೮೦೦ ಸುತ್ತು ತಿರುಗಬೇಕು. ೩ ಮಿಲಿಮೀಟರಿನ ಬಿಟ್ಟಾದರೆ ೨,೬೫೦ ಸುತ್ತು. ನಿಮಿಷಕ್ಕೆ ೨,೬೦೦ ಸುತ್ತಿನ ಒಂದೇ ವೇಗವುಳ್ಳ ಡ್ರಿಲ್ ಸಣ್ಣ ರಂಧ್ರಕ್ಕೆ ಹೊಂದುವುದು. ಅದರಲ್ಲಿಯೇ ೧೦ ಮಿಲಿಮೀಟರಿನ ಬಿಟ್ಟನ್ನು ಹಾಕಿದರೆ ಅಂಚಿನ ವೇಗ ಮೂರು ಪಟ್ಟಿಗೂ ಮೀರಿ, ಬಿಟ್ಟಿನ ತುದಿ ನೀಲಿಯಾಗಿ ಸಾಯುವುದು. ಒತ್ತುಗುಂಡಿಯಿಂದ ವೇಗವನ್ನು ತಗ್ಗಿಸಬಲ್ಲ, ೧೦ ಅಥವಾ ೧೩ ಮಿಲಿಮೀಟರು ಚಕ್ ಇರುವ ಡ್ರಿಲ್ಲನ್ನೇ ಆರಿಸಬೇಕೆಂಬುದಕ್ಕೆ ಇದೇ ಕಾರಣ.

ಆ ನೀಲಿ ಬಣ್ಣ ಉಷ್ಣತೆಯ ಗುರುತು. ಉಕ್ಕಿನ ಮೇಲ್ಮೈ ಸುಮಾರು ೨೨೦ ಡಿಗ್ರಿಯಲ್ಲಿ ಹುಲ್ಲಿನ ಹಳದಿಯಾಗಿಯೂ ೩೦೦ ಡಿಗ್ರಿಯ ಸಮೀಪದಲ್ಲಿ ನೀಲಿಯಾಗಿಯೂ ಕಾಣುವುದು. ಸಾಮಾನ್ಯ ಇಂಗಾಲದ ಉಕ್ಕು ಅಷ್ಟರಲ್ಲಿ ತನ್ನ ಕಾಠಿಣ್ಯವನ್ನು ಬಹಳಷ್ಟು ಕಳೆದುಕೊಂಡಿರುತ್ತದೆ. ಟಂಗ್‌ಸ್ಟನ್ ಮೊದಲಾದ ಲೋಹಗಳನ್ನು ಸೇರಿಸಿ ವಿಶೇಷವಾಗಿ ಹದಮಾಡಿದ ಉಕ್ಕು ೬೦೦ ಡಿಗ್ರಿಯ ಸುಮಾರಿನವರೆಗೂ ಕಠಿಣವಾಗಿ ಉಳಿಯುವುದು. ಅಮೆರಿಕದ ಬೆತ್ಲಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಟೇಲರ್ ಮತ್ತು ವೈಟ್ ಎಂಬುವರು ಈ ಹದವನ್ನು ಕಂಡುಹಿಡಿದರು. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿದ್ದಿತು. 'ಹೈಸ್ಪೀಡ್' ಎಂಬ ಹೆಸರು ಬಂದುದು ಹೀಗೆ. ಬಿಟ್ಟಿನ ಮೇಲೆ ಎಚ್.ಎಸ್.ಎಸ್. ಎಂಬ ಗುರುತಿದೆಯೇ ಎಂದು ನೋಡಿ ಕೊಳ್ಳಿರಿ.

ಕೊರೆಯುವ ಸ್ಥಳದಲ್ಲಿ ಸೆಂಟರ್ ಪಂಚಿನಿಂದ ಗುಳಿ ಹೊಡೆದು, ೩ ಮಿಲಿಮೀಟರಿನ ರಂಧ್ರ ಕೊರೆದು, ಬಳಿಕ ೯ ಮಿಲಿಮೀಟರಿಗೆ ಹಿಗ್ಗಿಸಬೇಕು. ಬಿಟ್ಟಿನ ನಟ್ಟನಡುವಣ ಮೊನೆ ವಾಸ್ತವವಾಗಿ ಕೊಯ್ಯುವುದಿಲ್ಲ, ಲೋಹವನ್ನು ಒತ್ತಿ ಸರಿಸುವುದಷ್ಟೆ. ಮೊದಲೇ ಸಣ್ಣ ರಂಧ್ರವಿದ್ದರೆ ಆ ಶ್ರಮ ತಪ್ಪುವುದು. ಎರಡು ತೊಟ್ಟು ಎಣ್ಣೆ ಬೇಕು. ರಂಧ್ರ ಆಚೆ ಕಡೆ ಹಾಯುವ ಗಳಿಗೆಯಲ್ಲಿ ಬಿಟ್ಟು ಲೋಹವನ್ನು ಕಚ್ಚಿ ತಿರುಗಿಸಲು ಹವಣಿಸುತ್ತದೆ. ಕೈಯಲ್ಲಿ ಹಿಡಿದ ಪಟ್ಟಿ ಆಗ ಕತ್ತಿಯಂತೆ ಬೀಸುವುದು. ಪಟ್ಟಿಯನ್ನು ವೈಸಿನಲ್ಲಿಯೇ ಬಿಗಿದಿರಬೇಕು. ತಿರುಗುವ ಬಿಟ್ಟಿನ ಬಳಿ ಕೈಗವಸು, ಸಡಿಲ ತೋಳು, ಜೋತುಬಿದ್ದ ಜಡೆ ಯಾವುದೂ ಕೂಡದು.

ಇಲ್ಲಿಗೆ ಮೇಜು ಸಿದ್ಧ. ಗ್ರೈಂಡರನ್ನಾಗಲಿ ಬೆಸುಗೆಯನ್ನಾಗಲಿ ನಾವು ಮುಟ್ಟಲಿಲ್ಲವೆಂಬುದನ್ನು ಗಮನಿಸಿರಿ.

ಕಿಡಿ ಮತ್ತು ಪೆಟ್ರೋಲು

ಹನ್ನೆರಡು ಕೊಯ್ತಗಳನ್ನು ಹ್ಯಾಕ್ಸಾದಿಂದ ಮುಗಿಸಿದವನು ಆಂಗಲ್ ಗ್ರೈಂಡರಿನ ಆಸೆಪಡುವುದು ನ್ಯಾಯವೇ. ೧೦೦ ಮಿಲಿಮೀಟರಿನ ಚಕ್ರ ನಿಮಿಷಕ್ಕೆ ೧೧,೦೦೦ ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ೫೭ ಮೀಟರಿಗೂ ಹೆಚ್ಚು, ಅಂದರೆ ಗಂಟೆಗೆ ೨೦೭ ಕಿಲೋಮೀಟರು ವೇಗದಿಂದ ಓಡುವುದು. ಈ ಚಕ್ರಗಳ ಮೇಲೆ ಸೆಕೆಂಡಿಗೆ ೮೦ ಮೀಟರು ಎಂಬ ಮಿತಿಯನ್ನು ಸಾಮಾನ್ಯವಾಗಿ ಮುದ್ರಿಸಿರುತ್ತಾರೆ. ರಕ್ಷಾಕವಚವನ್ನು ಕಳಚಿ, ೧೮೦ ಮಿಲಿಮೀಟರಿನ ಚಕ್ರವನ್ನು ಹೇಗೋ ತುರುಕುವವರುಂಟು. ಆಗ ಅಂಚಿನ ವೇಗ ೧೦೩ ಮೀಟರು. ಚಕ್ರವನ್ನು ಸೀಳಲು ಎಳೆಯುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುವುದರಿಂದ, ಅದು ಮಿತಿಯ ಒಂದೂವರೆ ಪಟ್ಟನ್ನು ದಾಟಿರುತ್ತದೆ. ಚೂರುಗಳು ಎತ್ತ ಹಾರುವುವೆಂದು ಯಾರೂ ಹೇಳಲಾರರು. ಚಕ್ರದ ಅಂಟು ರಾಳ ಹಳತಾದಂತೆ, ತೇವ ಹೀರಿದಂತೆ ದುರ್ಬಲವಾಗುವುದು. ನಡುವಣ ಲೋಹದ ಬಳೆಯ ಮೇಲೆ ಕೊನೆಯ ದಿನಾಂಕವನ್ನು ಕೆತ್ತಿರುವುದು ಅದಕ್ಕಾಗಿಯೇ. ಕವಚ, ಕಣ್ಣಿಗೆ ಪಕ್ಕಗಳೂ ಮುಚ್ಚಿದ ಕನ್ನಡಕ, ಇವೆರಡಿಲ್ಲದೆ ಗ್ರೈಂಡರನ್ನು ಮುಟ್ಟಬಾರದು. ಸಾಧಾರಣ ಓದುವ ಕನ್ನಡಕ ಇದಕ್ಕೆ ಸಾಲದು.

ಹಾರುವ ಕಿಡಿಗಳು ಉರಿಯುತ್ತಿರುವ ಕಬ್ಬಿಣದ ಕಣಗಳು. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ತುದಿಯಲ್ಲಿ ನಕ್ಷತ್ರದಂತೆ ಒಡೆಯುವುದು. ಮೆತು ಉಕ್ಕಿನದು ನೀಳವಾದ ಗೆರೆ. ಗುರುತಿಲ್ಲದ ಹಳೆಯ ಕಬ್ಬಿಣದ ಜಾತಿಯನ್ನು ಹೇಳಲು ಅನುಭವಿಗಳು ಇದನ್ನೇ ನೋಡುವರು. ಆದರೆ ಗ್ಯಾರೇಜು ಎಂದಮೇಲೆ ಅಲ್ಲಿ ಸ್ಕೂಟರಿದೆ, ಅದರಲ್ಲಿ ಪೆಟ್ರೋಲಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ನೆಲದ ಮೇಲೆಯೇ ಹರಡಿ ಮೂಲೆಗಳಲ್ಲಿ ನಿಲ್ಲುವುದು. ಕಿಡಿ ಬೀಳುವುದೂ ನೆಲಕ್ಕೇ. ವಾಹನವನ್ನೂ ಕ್ಯಾನುಗಳನ್ನೂ ಎಣ್ಣೆಬಟ್ಟೆಗಳನ್ನೂ ಹೊರಗೆ ಸಾಗಿಸಿ, ಬಾಗಿಲು ತೆರೆದು ಗಾಳಿಯಾಡಿಸಿದ ಮೇಲೆಯೇ ಗುಂಡಿ ಒತ್ತಬೇಕು. ಕೆಲಸ ಮುಗಿದ ಮೇಲೂ ಅರ್ಧಗಂಟೆ ಅಲ್ಲಿಯೇ ಇದ್ದು, ಎಲ್ಲಿಯೂ ಹೊಗೆಯಾಡುತ್ತಿಲ್ಲವೆಂದು ನೋಡಿಕೊಳ್ಳಬೇಕು.

ಬೆಸೆಯುವುದು

ಈಗ ಅಂಗಡಿಯ ಮುಂಭಾಗಕ್ಕೆ ಬರೋಣ. '೨೦೦ ಆಂಪೇರ್' ಎಂದು ದೊಡ್ಡಕ್ಷರದಲ್ಲಿ ಬರೆದ ಸಣ್ಣ ಇನ್ವರ್ಟರ್ ವೆಲ್ಡಿಂಗ್ ಯಂತ್ರವಿದೆ. ಅದನ್ನು ನಮ್ಮ ೧೬ ಆಂಪೇರಿನ ಪಾಯಿಂಟು ತಾಳಬಲ್ಲುದೇ? ಕಡ್ಡಿಯ ಬೆಸುಗೆಯಲ್ಲಿ ಆರ್ಕಿನ ವೋಲ್ಟೇಜನ್ನು, ಇಪ್ಪತ್ತಕ್ಕೆ ಆಂಪೇರಿನ ನೂರರಲ್ಲಿ ನಾಲ್ಕು ಭಾಗವನ್ನು ಕೂಡಿ ಅಂದಾಜು ಮಾಡುವರು. ೨೦೦ ಆಂಪೇರಿಗೆ ೨೮ ವೋಲ್ಟ್; ಗುಣಿಸಿದರೆ ೫,೬೦೦ ವಾಟು. ಯಂತ್ರದ ದಕ್ಷತೆ ನೂರಕ್ಕೆ ೮೫ ಎಂದರೆ ಗೋಡೆಯಿಂದ ಸುಮಾರು ೬,೬೦೦ ವಾಟು ಬೇಕು. ೨೩೦ ವೋಲ್ಟಿನಿಂದ ಭಾಗಿಸಿದರೆ ೨೯ ಆಂಪೇರಿನ ಸಮೀಪ. ಪವರ್ ಫ್ಯಾಕ್ಟರ್ ೦.೭ ಎಂದು ಹಿಡಿದರೆ ೪೧. ಪಾಯಿಂಟು ಕೊಡಬಲ್ಲುದ ಎರಡೂವರೆ ಪಟ್ಟು! ಮನೆಯ ಎಂ.ಸಿ.ಬಿ. ಬಿದ್ದುಹೋದರೆ ನಿಮ್ಮ ಪುಣ್ಯ. ಬೀಳದಿದ್ದರೆ ಗೋಡೆಯೊಳಗಿನ ತಂತಿ ಕಾಯುತ್ತಿರುತ್ತದೆ.

ಇದೇ ಲೆಕ್ಕವನ್ನು ೮೦ ಆಂಪೇರಿಗೆ ಮಾಡಿರಿ. ೨೩.೨ ವೋಲ್ಟ್, ೧,೮೫೬ ವಾಟು, ಗೋಡೆಯಿಂದ ೨,೧೮೪ ವಾಟು, ೯.೫ ಆಂಪೇರು, ಪವರ್ ಫ್ಯಾಕ್ಟರ್ ಸೇರಿಸಿ ೧೩.೬. ಪಾಯಿಂಟಿನ ಮಿತಿಯೊಳಗಿದೆ. ೨.೫ ಮಿಲಿಮೀಟರಿನ ಕಡ್ಡಿಗೆ ೮೦ ಆಂಪೇರು ಸರಿಯಾಗುವುದು. ಅದು ನಮ್ಮ ೫ ಮಿಲಿಮೀಟರಿನ ಆಂಗಲನ್ನೂ ಬೆಸೆಯಬಲ್ಲುದು. ಆದುದರಿಂದ ಮನೆಯ ಯಂತ್ರಕ್ಕೆ ಅದರ ಮೇಲೆ ಬರೆದ ದೊಡ್ಡ ಅಂಕೆ ಮುಖ್ಯವಲ್ಲ. ಸಣ್ಣ ಆಂಪೇರಿನಲ್ಲಿ ಆರ್ಕು ಸ್ಥಿರವಾಗಿ ನಿಲ್ಲುವುದೇ ಎಂಬುದು ಮುಖ್ಯ. ಕೊಳ್ಳುವ ಮುನ್ನ ತಂತಿಯ ದಪ್ಪವನ್ನೂ ಭೂಸಂಪರ್ಕವನ್ನೂ ಪರವಾನಗಿಯುಳ್ಳ ಎಲೆಕ್ಟ್ರೀಷಿಯನ್ ಒಬ್ಬರಿಂದ ಪರೀಕ್ಷೆ ಮಾಡಿಸುವುದು ಅವಶ್ಯ.

ಆರ್ಕಿನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳು ಕಣ್ಣಿನ ಪಾರದರ್ಶಕ ಪಟಲವನ್ನು ಸುಡುತ್ತವೆ. ಆಗಲೇ ನೋವು ತಿಳಿಯುವುದಿಲ್ಲ; ಕೆಲವು ಗಂಟೆಗಳ ಬಳಿಕ, ಬಹುಮಟ್ಟಿಗೆ ರಾತ್ರಿ, ಕಣ್ಣಿನಲ್ಲಿ ಮರಳು ತುಂಬಿದಂತೆ ಉರಿಯತೊಡಗುವುದು. ೧೦ ಅಥವಾ ೧೧ನೆಯ ಸಂಖ್ಯೆಯ ಗಾಜಿನ ಮುಖವಾಡ ಬೆಸೆಯುವವನಿಗೆ ಬೇಕೇ ಬೇಕು; ಬಾಗಿಲಲ್ಲಿ ನಿಂತು ನೋಡುವ ಮಕ್ಕಳಿಗಾಗಿ ಅಡ್ಡ ಪರದೆಯೂ ಬೇಕು. ಸತುವಿನ ಲೇಪವಿರುವ ನೀರಿನ ಕೊಳವೆಗಳು ಮನೆಯಲ್ಲಿ ಸುಲಭವಾಗಿ ಸಿಗುತ್ತವೆಂದು ಅವುಗಳನ್ನು ಬೆಸೆಯಲು ಹೊರಡಬಾರದು. ಉಕ್ಕು ಕರಗುವುದು ೧,೫೦೦ ಡಿಗ್ರಿಯ ಸುಮಾರಿನಲ್ಲಿ. ಸತುವು ೯೦೭ ಡಿಗ್ರಿಯಲ್ಲಿಯೇ ಕುದಿದು ಬಿಳಿಯ ಹೊಗೆಯಾಗುವುದು. ಅದನ್ನು ಸೇವಿಸಿದವನಿಗೆ ಅಂದೇ ಸಂಜೆ ಚಳಿಜ್ವರ ಬರುವುದುಂಟು. ಖಾಲಿಯಾದ ಪೆಟ್ರೋಲ್ ಟ್ಯಾಂಕನ್ನಂತೂ ಎಷ್ಟು ತೊಳೆದಿದ್ದರೂ ಬೆಸೆಯಕೂಡದು.

ಯಂತ್ರವನ್ನು ಕೊಳ್ಳದೆಯೂ ಬೆಸುಗೆಯನ್ನು ಪಡೆಯಬಹುದು. ತುಂಡುಗಳನ್ನು ನಿಖರವಾಗಿ ಕೊಯ್ದು, ಅಂಚುಗಳನ್ನು ಅರೆದು, ಮೂಲೆಮಟ್ಟ ನೋಡಿ ಗುರುತು ಹಾಕಿ, ಬೀದಿಯ ಕೊನೆಯಲ್ಲಿ ಕಿಟಕಿ ಗ್ರಿಲ್ ಮಾಡುವವರ ಅಂಗಡಿಗೆ ಒಯ್ದರೆ ಅವರು ಅರ್ಧಗಂಟೆಯಲ್ಲಿ ಬೆಸೆದು ಕೊಡುವರು. ಅವರ ಕೈ ನೋಡುತ್ತ ನಿಲ್ಲುವುದಕ್ಕೂ ಅವಕಾಶವಾಗುವುದು, ಕಪ್ಪು ಗಾಜು ಹಿಡಿದೇ. ವರ್ಷಕ್ಕೆ ನಾಲ್ಕು ಬಾರಿ ಬೆಸುಗೆಯ ಕೆಲಸ ಬೀಳುವವನಿಗೆ ಇದೇ ಲಾಭ. ಲೇತಿನ ಮಾತನ್ನು ಈ ಲೇಖನದಲ್ಲಿ ಎತ್ತುವುದಿಲ್ಲ; ಬೆಂಗಳೂರಿನಲ್ಲಿ ೧೯೫೩ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಕಾರ್ಖಾನೆಯಂಥವು ತಯಾರಿಸಿದ ದೊಡ್ಡ ಲೇತುಗಳನ್ನು ಗ್ಯಾರೇಜಿನ ನೆಲವೂ ಮನೆಯ ವಿದ್ಯುತ್ತೂ ಹೊರಲಾರವು.

ಉಳಿದ ತುಂಡುಗಳು

ಮಿಕ್ಕಿದ್ದ ೬೦ ಸೆಂಟಿಮೀಟರಿನ ಎರಡು ಆಂಗಲ್ ತುಂಡುಗಳನ್ನು ಈಗ ಹೊರತೆಗೆಯಿರಿ. ಅವುಗಳ ಒಂದೊಂದು ರೆಕ್ಕೆಯನ್ನು ಅರದಿಂದ ನಯಗೊಳಿಸಿ, ಗಾಜಿನ ಫಲಕದ ಮೇಲಿಟ್ಟು ನೇರವಾಗಿದೆಯೇ ಎಂದು ನೋಡಿ, ಬೆನ್ನಿಗೆ ಬೆನ್ನು ತಾಗುವಂತೆ ವೈಸಿನ ದವಡೆಯಲ್ಲಿ ನಿಲ್ಲಿಸಿರಿ. ಮೇಲಿನ ರೆಕ್ಕೆಗಳು ಎರಡು ಪಕ್ಕಕ್ಕೂ ಚಾಚಿ ದವಡೆಯ ಮೇಲೆ ಕೂರುವುವು. ಅವುಗಳ ನಡುವೆ ಒಂದು ಮಿಲಿಮೀಟರು ದಪ್ಪದ ತಗಡನ್ನು ಇಳಿಸಿ, ವೈಸನ್ನು ಬಿಗಿದು, ತುದಿಗಳಿಗೆ ಒಂದೊಂದು ಸಿ-ಕ್ಲಾಂಪು ಹಾಕಿದರೆ ತಗಡು ಬಾಗಿಸುವ ಸಾಧನ ಸಿದ್ಧವಾಯಿತು. ಮೇಲೆ ನಿಂತ ತಗಡಿಗೆ ಮರದ ತುಂಡನ್ನು ಆನಿಸಿ, ಕೈಯಿಂದ ಒತ್ತುತ್ತ, ಮೂಲೆಯ ಬಳಿ ಮಾತ್ರ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಮಡಿಸಬೇಕು. ಒಂದೇ ಕಡೆ ಬಡಿದರೆ ತಗಡು ಹಿಗ್ಗಿ ಅಲೆಯಾಗುವುದು. ಮಡಿಕೆ ೯೦ ಡಿಗ್ರಿಗೆ ಬಂದಂತೆ ಕಂಡರೂ ಕೈಬಿಟ್ಟೊಡನೆ ಎರಡು ಮೂರು ಡಿಗ್ರಿ ಹಿಂದಕ್ಕೆ ಚಿಮ್ಮುವುದು. ಅಷ್ಟನ್ನು ಮೊದಲೇ ಹೆಚ್ಚಾಗಿ ಮಡಿಸಿಡಬೇಕು. ಉಪಕರಣಗಳನ್ನು ಇಡುವ ಪೆಟ್ಟಿಗೆಯನ್ನು ಇದರಲ್ಲಿಯೇ ಮಾಡಿಕೊಳ್ಳಬಹುದು. ಅದಕ್ಕೆ ಹೊಸದಾಗಿ ಕೊಳ್ಳಬೇಕಾದುದು ಒಂದು ತಗಡಿನ ಕತ್ತರಿ ಮಾತ್ರ.